ಯಾರೋ ಚಾಚಾ ಅಂದ್ರು

ನಮ್ಮ ಹರಿಹರದ ಫುಟ್ಬಾಲ್ ತಂಡ ಸೋತ ದಿನ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಅಕ್ಷರ ದುಂಡಗಿದೆ. ‘ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದರೆ ಉಸಿರು ಬಿಡದೆ ಒಂದು ಪುಟ ತುಂಬಿಸಬಲ್ಲೆ. ನಮ್ಮ ಓಣಿಯಲ್ಲಿ ಬೀದಿ ದೀಪಕ್ಕೂ ನನ್ನದೇ ಅರ್ಜಿ, ಚರಂಡಿಗೂ ನನ್ನದೇ ಅರ್ಜಿ. ಆದರೆ ಒಬ್ಬ ಮನುಷ್ಯನ ವಿರುದ್ಧ ಬರೆದದ್ದು ಅದೇ ಮೊದಲು.

ಆ ಮನುಷ್ಯ ನಮ್ಮ ಪಂದ್ಯದ ರೆಫರಿ. ದಾವಣಗೆರೆ ಪೇಟೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ. ಗಿರಾಕಿಗಳಿಗೆಲ್ಲ ಅವರು ಚಾಚಾ. ಭಾನುವಾರ ಕಪ್ಪು ಅಂಗಿ ತೊಟ್ಟು ಮೈದಾನಕ್ಕೆ ಇಳಿದರೆ ಮಾತ್ರ ಸರ್. ಹೀಗೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೂ ಸೀಟಿ ಬಾಯಲ್ಲಿರುವ ತನಕ ಅವರನ್ನು ಯಾರೂ ಚಾಚಾ ಎನ್ನುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಈ ಪಂದ್ಯಾವಳಿಯಲ್ಲಿ ಸೀಟಿ ಊದುತ್ತ ಬಂದಿದ್ದರೂ ಫೈನಲ್ ಒಮ್ಮೆಯೂ ಅವರಿಗೆ ಸಿಕ್ಕಿರಲಿಲ್ಲ. ಈ ಸಲ ಸಿಕ್ಕಿತ್ತು. ಮುಂದಿನ ವರ್ಷದಿಂದ ವಯಸ್ಸಾಯಿತೆಂದು ಪಟ್ಟಿಯಿಂದ ಅವರ ಹೆಸರು ತೆಗೆಯುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅಂದರೆ ಅವರ ಪಾಲಿಗೆ ಅದು ಮೊದಲನೆಯ ಫೈನಲ್ಲೂ ಹೌದು, ಕೊನೆಯದೂ ಹೌದು. ನಮ್ಮ ಸೆಮಿಫೈನಲ್ ನಡೆದದ್ದು ಅದಕ್ಕೆ ಒಂದು ವಾರ ಮುಂಚೆ.

ಹರಿಹರದಿಂದ ನಾವು ಹತ್ತು ಹನ್ನೆರಡು ಮಂದಿ ಬಸ್ಸು ಹಿಡಿದು ದಾವಣಗೆರೆಗೆ ಬಂದಿದ್ದೆವು. ನಮಗೆಲ್ಲ ಹಿರಿಯರೆಂದರೆ ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ಭತ್ತದ ವ್ಯಾಪಾರಿ ಸಾಹುಕಾರರು. ತಂಡದ ಚೆಂಡು ಅವರೇ ಕೊಡಿಸಿದ್ದು. ಅವತ್ತಿನ ಆಟವೂ ಅದೇ ಚೆಂಡಿನಲ್ಲಿ ನಡೆಯಿತು. ವಿರಾಮದ ಹೊತ್ತಿನಲ್ಲಿ ತುಳಿದು ಅಳಿಸಿಹೋಗಿದ್ದ ಗೆರೆಗಳ ಮೇಲೆ ಮತ್ತೊಮ್ಮೆ ಹಸಿ ಸುಣ್ಣ ಎಳೆದರು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮವನು ಒದ್ದ ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿದು, ಕೆಳಗೆ ಗೆರೆಯ ಮೇಲೆ ಬಿದ್ದು ಪುಟಿಯಿತು. ಅವರ ಗೋಲ್‌ಕೀಪರ್ ಹಾರಿ ಅದನ್ನು ತಬ್ಬಿಕೊಂಡ. ನಾವು ಗೋಲ್ ಎಂದು ಕುಣಿದೆವು. ರೆಫರಿ ಕೈ ಬೀಸಿ ಆಟ ನಡೆಯಲಿ ಎಂದರು.

ಕುಣಿಯುತ್ತಿದ್ದ ಕಾಲು ನಿಲ್ಲಿಸುವುದಕ್ಕಿಂತ ಕಷ್ಟದ ಕೆಲಸವಿಲ್ಲ. ನನಗಂತೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಐದು ನಿಮಿಷ ಬಯ್ದದ್ದು ಸಾಲದೆ, ಎಲ್ಲರ ದನಿ ಕೊಂಚ ತಗ್ಗಿದ್ದನ್ನು ನೋಡಿಕೊಂಡು, ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದೆ: “ಏ ಚಾಚಾ, ಕಣ್ಣು ಅಂಗಡ್ಯಾಗೇ ಬಿಟ್ಟು ಬಂದೀಯೇನು?”

ಜನ ಗೊಳ್ಳೆಂದು ನಕ್ಕರು. ರೆಫರಿ ಒಂದು ಗಳಿಗೆ ನಮ್ಮ ಕಡೆ ತಿರುಗಿದರು. ನನಗೆ ಇನ್ನಷ್ಟು ಖುಷಿಯಾಯಿತು. ಅಷ್ಟರಲ್ಲಿ ಚೆಂಡು ನಮ್ಮ ಗೋಲಿನ ಪಕ್ಕದಿಂದ ಆಚೆ ಹೋಗಿ ಎದುರಾಳಿಗಳಿಗೆ ಕಾರ್ನರ್, ಅಂದರೆ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಿತು. ಅದರಿಂದ ಬಂದ ಚೆಂಡಿಗೆ ಅವರ ಎತ್ತರದ ಆಟಗಾರ ತಲೆ ಕೊಟ್ಟ. ಅದೇ ಅವತ್ತಿನ ಒಂದೇ ಒಂದು ಗೋಲು. ಆ ಕಾರ್ನರ್ ಬಗ್ಗೆ ನಾವು ಯಾರೂ ಚಕಾರ ಎತ್ತಲಿಲ್ಲ, ಯಾಕೆಂದರೆ ಯಾರೂ ಅದನ್ನು ನೋಡಿರಲೇ ಇಲ್ಲ. ನಾವಿನ್ನೂ ಹಳೆಯ ಜಗಳದಲ್ಲೇ ಇದ್ದೆವು.

ಸೋತವರಿಗೆ ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಇದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಎರಡು ಬೆಂಚು ಹಿಡಿದು ಕೂತೆವು. ನಮ್ಮ ಜೊತೆ ಬಂದಿದ್ದ ಆಟೋ ಓಡಿಸುವ ಗೆಳೆಯ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದಿದ್ದೇನೆ ಎಂದ. ತೆಗೆದದ್ದು ಹೌದು. ಆದರೆ ಬೇಕಾದ ಗಳಿಗೆಯಲ್ಲಿ ಕಂಡದ್ದು ಮುಂದೆ ನಿಂತಿದ್ದವನ ಎತ್ತಿದ ಕೈ, ಅವನ ಕಂಕುಳು, ಆಮೇಲೆ ಆಕಾಶ. ಆಗ ಸಾಹುಕಾರರು ಚೀಲದಿಂದ ಚೆಂಡು ತೆಗೆದು ಮಂಡಕ್ಕಿ ತಟ್ಟೆಗಳ ನಡುವೆ ಇಟ್ಟರು. ಅದರ ಮೇಲೆ ಸುಣ್ಣದ ಬಿಳಿ ಪಟ್ಟೆ ಒಣಗಿ ಕೂತಿತ್ತು.

“ಇದಕ್ಕಿಂತ ಸಾಕ್ಷಿ ಬೇಕೇನ್ರಿ?” ಎಂದರು. “ಗೆರೆ ಮುಟ್ಟೈತೆ. ಮುಟ್ಟಿದ್ರೆ ಮುಗೀತು.”

ನಾವೆಲ್ಲ ತಲೆದೂಗಿದೆವು. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು, ಕ್ರಿಕೆಟ್ಟಿನಲ್ಲಿ ಚೆಂಡು ಬೌಂಡರಿ ಗೆರೆಗೆ ತಾಗಿದರೆ ಫೋರು. ಅಂಥ ಆಟ ಆಡಿಯೇ ಬೆಳೆದವರು ನಾವು. ಫುಟ್ಬಾಲಿನ ಗೆರೆ ಬೇರೆ ಜಾತಿಯದಿರಬಹುದು ಎಂಬ ಅನುಮಾನ ಹನ್ನೆರಡು ಜನರಲ್ಲಿ ಒಬ್ಬನಿಗೂ ಬರಲಿಲ್ಲ. ಪಂದ್ಯಾವಳಿಯ ಸಮಿತಿಗೆ ಅರ್ಜಿ ಕೊಡುವುದು, ಇಂಥ ರೆಫರಿಗೆ ಫೈನಲ್ ಕೊಡಬಾರದು ಎಂದು ಕೇಳುವುದು ಎಂದು ತೀರ್ಮಾನವಾಯಿತು. ನಾನು ಅಲ್ಲೇ ಬರೆದೆ. ‘ಸದರಿ ರೆಫರಿಯವರು ಕಣ್ಣಿದ್ದೂ ಕುರುಡರಂತೆ’ ಎಂಬ ಮಾತು ಬಂದಾಗ ಎರಡನೇ ಸಲ ಓದಿಸಿ ಕೇಳಿದರು. ಎಲ್ಲರೂ ಸಹಿ ಹಾಕಿದರು.

ಕೊಡುವುದಕ್ಕೆ ಮುಂಚೆ ಸಾಹುಕಾರರು ಒಂದು ಷರತ್ತು ಹಾಕಿದರು. ಪೇಟೆಯಲ್ಲಿ ಹಿಂದಿನಿಂದ ಬಂದ ರೀತಿಯದು. ಒಬ್ಬರ ಮೇಲೆ ದೂರು ಕೊಡುವುದಿದ್ದರೆ ಮೊದಲು ಅವರ ಅಂಗಡಿ ಮೆಟ್ಟಿಲು ಹತ್ತಿ ಅವರ ಎದುರಿಗೇ ಅದನ್ನು ಓದಬೇಕು. “ಬೆನ್ನ ಹಿಂದೆ ಬರೆದ್ರೆ ಅದು ಅರ್ಜಿ ಅಲ್ಲ, ಚಾಡಿ,” ಎಂದರು.

ಹೀಗೆ ಮರುದಿನ ಮಧ್ಯಾಹ್ನ ನನ್ನ ಪಾಳಿ ಮುಗಿದ ಮೇಲೆ ನಾನು, ಸಾಹುಕಾರರು, ಆಟೋ ಗೆಳೆಯ ಮೂವರೂ ಗಾದಿ ಅಂಗಡಿಗೆ ಹೋದೆವು. ಸಾಹುಕಾರರ ಕಂಕುಳಲ್ಲಿ ಚೆಂಡು, ನನ್ನ ಜೇಬಿನಲ್ಲಿ ಅರ್ಜಿ. ರೆಫರಿ ಗಡ್ಡದ ಮೇಲೆಲ್ಲ ಹತ್ತಿ ಕೂರಿಸಿಕೊಂಡು ಒಂದು ಗಾದಿಯ ಅಂಚು ಹೊಲಿಯುತ್ತಿದ್ದರು. ನಮ್ಮನ್ನು ನೋಡಿ ಸೂಜಿ ಬದಿಗಿಟ್ಟರು.

“ಬರ್ರಿ, ಕೂಡ್ರಿ,” ಎಂದರು. ಕೂರಲು ಇದ್ದದ್ದು ಹೊಸ ಗಾದಿಗಳು. ಜಗಳಕ್ಕೆಂದು ಹೋದವರು ಮೆತ್ತನೆಯ ಗಾದಿಯ ಮೇಲೆ ಕೂರಬಾರದು ಎಂದು ನನಗೆ ಅವತ್ತು ಗೊತ್ತಾಯಿತು. ಮೊಣಕಾಲು ಎದೆಗೆ ಬಂದು, ಗಟ್ಟಿಯಾಗಿ ಓದಬೇಕೆಂದಿದ್ದ ಅರ್ಜಿ ಗೊಣಗಿದಂತೆ ಓದಿದೆ. ಅವರು ಕೊನೆಯ ತನಕ ಕೇಳಿದರು. ಆಮೇಲೆ ಚೆಂಡು ಕೊಡಿ ಎಂದು ಕೈ ಚಾಚಿದರು.

ತಿರುಗಿಸಿ ನೋಡಿ, “ಹೌದು, ಸುಣ್ಣ ಹತ್ತೈತೆ,” ಎಂದರು. “ಈ ಕಡೆ ಇನ್ನೂ ಎರಡು ಪಟ್ಟೆ ಅದಾವ ನೋಡ್ರಿ. ಅವು ಯಾವ ಗೋಲು?”

ಆಟೋ ಗೆಳೆಯ ನಗು ತಡೆಯಲಾರದೆ ಕೆಮ್ಮಿದ. ಅವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಅಂಗೈ ಅಗಲದ ಗೆರೆ ಎಳೆದು, ಅದರ ಆಚೆಯ ಅಂಚಿನ ಮೇಲೆ ಚೆಂಡನ್ನಿಟ್ಟರು. ಅಂಗಡಿಯಾಚೆ ನಿಂತು ನೋಡಿದರೆ ಅದು ಪೂರ್ತಿ ದಾಟಿದಂತೆ ಕಂಡಿತು. ನನ್ನನ್ನು ಗೆರೆಯ ನೇರಕ್ಕೆ ಮಲಗಿ ನೋಡಲು ಹೇಳಿದರು. ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ಹಚ್ಚಿ ನೋಡಿದೆ. ಚೆಂಡಿನ ಅರ್ಧಭಾಗ ಇನ್ನೂ ಗೆರೆಯ ಮೇಲೇ ಇತ್ತು.

“ಇಡೀ ಚೆಂಡು ದಾಟಬೇಕು. ಗೆರೆನೂ ಮೈದಾನದ್ದೇ,” ಎಂದರು ರೆಫರಿ.

ಕೊಕ್ಕನೂರಿನಲ್ಲಿ ಹೊಲವಿರುವ ಸಾಹುಕಾರರಿಗೆ ಅದು ತಕ್ಷಣ ಹೊಳೆಯಿತು. “ಅಂದ್ರೆ ಬದು ಇದ್ದಂಗೆ. ಬದುವಿನ ಮ್ಯಾಲೆ ನಿಂತೋನು ಪಕ್ಕದ ಹೊಲಕ್ಕೆ ಹೋದಂಗಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ನಂತರ ನನ್ನ ಮುಖ ನೋಡಿ, “ಹರಿದು ಹಾಕು,” ಎಂದರು.

ನಾನು ಹರಿಯಲು ಕೈ ಹಾಕಿದೆ. ರೆಫರಿ ತಡೆದರು.

“ಹರೀಬ್ಯಾಡ್ರಿ. ಅಕ್ಷರ ಚಂದ ಅದಾವ. ಇದನ್ನ ಹೊಡೆದು ಹಾಕಿ, ಇನ್ನೊಂದು ತಪ್ಪು ಐತೆ, ಅದನ್ನ ಬರ್ಕಳ್ರಿ. ಅವರಿಗೆ ಕೊಟ್ಟ ಕಾರ್ನರ್ ತಪ್ಪು. ಚೆಂಡು ಕೊನೆಗೆ ತಾಗಿದ್ದು ಅವರ ಆಟಗಾರನಿಗೆ. ಆಟ ಮುಗಿದ ಮ್ಯಾಲೆ ಅವನೇ ನಗ್ತಾ ಬಂದು ಹೇಳಿದ. ಅದು ಗೋಲ್ ಕಿಕ್ ಆಗಿ ಚೆಂಡು ನಿಮಗ ಸಿಗ್ಬೇಕಿತ್ತು. ನೀವು ಸೋತದ್ದು ಅದರಿಂದ.”

ನಮಗೆ ತಿಳಿಯದಿದ್ದ ಅನ್ಯಾಯವನ್ನು, ಅದನ್ನು ಮಾಡಿದವರೇ ನಮ್ಮ ಕೈಗೆ ತಂದು ಕೊಡುತ್ತಿದ್ದರು. ಅದೂ ಅವರನ್ನು ಫೈನಲ್‌ನಿಂದ ತೆಗೆಸಬೇಕೆಂದು ಬಂದ ನಮಗೆ. ಸಾಹುಕಾರರು ಸಾವಕಾಶವಾಗಿ ಕೇಳಿದರು: “ಇದನ್ನ ಕೊಟ್ರೆ ನಿಮಗೆ ಫೈನಲ್ ತಪ್ಪುತ್ತಲ್ರಿ?”

“ತಪ್ಪುತ್ತೆ,” ಎಂದರು. ಹೊಲಿಯುತ್ತಿದ್ದ ಗಾದಿಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. “ನಲವತ್ತು ಕಾಲು ಮೈದಾನದಾಗ ಓಡ್ತಾವ. ತಪ್ಪು ಮಾಡಿದ್ರೆ ಅವಕ್ಕೆ ನಾನು ಸೀಟಿ ಊದ್ತೀನಿ. ನನಗ್ಯಾರು ಊದಬೇಕು?”

ಲೆಕ್ಕದಲ್ಲಿ ನಲವತ್ತಕ್ಕಿಂತ ನಾಲ್ಕು ಕಾಲು ಹೆಚ್ಚೇ ಇವೆ. ಆದರೆ ತಿದ್ದುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗಿತ್ತು? ನಾನು ಹಾಳೆಯ ಹಿಂಬದಿಯಲ್ಲಿ ಅವರು ಹೇಳಿದಂತೆ ಬರೆಯತೊಡಗಿದೆ. ಚೆಂಡು ಯಾವ ಕಡೆಯಿಂದ ಹೋಯಿತು, ಆಟಗಾರರು ಗುಂಪಾಗಿದ್ದರಿಂದ ಲೈನ್ಸ್‌ಮನ್‌ಗೆ ಹೇಗೆ ಕಾಣಲಿಲ್ಲ, ತಾವು ನೋಡದೆ ಊಹೆಯ ಮೇಲೆ ಹೇಗೆ ಕೈ ತೋರಿಸಿದರು, ಎಲ್ಲ ಒಂದೊಂದಾಗಿ ಹೇಳಿದರು. ಅರ್ಜಿ ಬರೆದು ಪಳಗಿದವನ ಚಾಳಿ, ಕಾರಣ ಕೇಳದೆ ಬಿಡುವುದಿಲ್ಲ. ಕೇಳಿಬಿಟ್ಟೆ.

“ನೀವು ಯಾಕ ನೋಡ್ಲಿಲ್ಲ, ಸರ್?”

ಅವರು ಗಾದಿಯ ಮೇಲಿದ್ದ ಹತ್ತಿಯ ಎಳೆಯೊಂದನ್ನು ಹೆಕ್ಕುತ್ತ ಹೇಳಿದರು: “ಯಾರೋ ಚಾಚಾ ಅಂದ್ರು. ಇಲ್ಲಿ ಕೂತು ಕೂತು ರೂಢಿ ನೋಡ್ರಿ. ಚಾಚಾ ಅಂದ್ರೆ ಗಿರಾಕಿ ಬಂದ್ರು ಅಂತ ತಲೆ ತಾನೇ ತಿರುಗುತ್ತೆ. ರೆಫ್ರಿ ಅಂದಿದ್ರೆ, ಕುರುಡ ಅಂದಿದ್ರೆ ತಿರುಗ್ತಿರಲಿಲ್ಲ.”

ಪೆನ್ನು ನಿಂತಿತು. ಸಾಹುಕಾರರೂ ಆಟೋ ಗೆಳೆಯನೂ ನನ್ನನ್ನು ನೋಡಲಿಲ್ಲ. ನೋಡದಿರಲು ಅವರು ಪಟ್ಟ ಪ್ರಯತ್ನ ನನಗೆ ಚೆನ್ನಾಗಿ ಕಂಡಿತು. ಕಿವಿ ಕಾದ ಹೆಂಚಿನಂತಾಯಿತು. ನಮ್ಮನ್ನು ಸೋಲಿಸಿದವರು ಯಾರೆಂದು ಹಿಂದಿನ ದಿನವೆಲ್ಲ ಹುಡುಕಿದ್ದೆವು. ಆ ಮನುಷ್ಯ ನಾನೇ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಎದುರಿಗೆ ಅಂಥವರು ಕೂತಿರುವಾಗ ಸುಮ್ಮನಿರುವುದೂ ಕಷ್ಟ.

“ಕೂಗಿದ್ದು ನಾನು, ಸರ್,” ಎಂದೆ. “ಅದನ್ನೂ ಬರೀತೀನಿ.”

“ಬ್ಯಾಡ,” ಎಂದರು. “ಕೂಗೋರು ಕೂಗ್ತಾರೆ, ಅದಕ್ಕೇ ಬಂದಿರ್ತಾರೆ. ತಿರುಗಿದೋನು ನಾನು. ‘ರೆಫರಿಯ ಕಣ್ಣು ಚೆಂಡಿನ ಮೇಲೆ ಇರಲಿಲ್ಲ’ ಅಂತ ಬರೀರಿ, ಸಾಕು.”

ಹಾಗೆಯೇ ಬರೆದೆ. ನನ್ನ ಜನ್ಮದಲ್ಲಿ ಬರೆದ ಅತ್ಯಂತ ಚಿಕ್ಕ ಅರ್ಜಿ ಅದು. ಅದರಲ್ಲಿ ‘ಸದರಿ’ಯೂ ಇರಲಿಲ್ಲ, ‘ಅರಿಕೆ’ಯೂ ಇರಲಿಲ್ಲ. ಸಾಹುಕಾರರು, “ನಾವು ಕೊಡಂಗಿಲ್ಲ, ಬಿಟ್ಬಿಡ್ರಿ ಚಾಚಾ,” ಎಂದು ಕೈ ಮುಗಿದರು. ಅವರು ಕೇಳಲಿಲ್ಲ. ನನ್ನ ಅಕ್ಷರದ ಕೆಳಗೆ ತಮ್ಮ ಸಹಿ ಹಾಕಿ, ಹಾಳೆಯನ್ನು ಮಡಚಿ, ತಾವೇ ಸಂಜೆ ಸಮಿತಿಗೆ ಕೊಟ್ಟು ಬರುವುದಾಗಿ ಹೇಳಿ ಸೂಜಿ ಎತ್ತಿಕೊಂಡರು. ನಮಗೆ ಚಹಾ ತರಿಸಿದರು. ದೊಡ್ಡವರು ಎಂಬ ಪದವನ್ನು ನಾನು ಅಲ್ಲಿಯ ತನಕ ವಯಸ್ಸಿಗೂ ಹಣಕ್ಕೂ ಬಳಸುತ್ತಿದ್ದೆ. ಅದರ ಸರಿಯಾದ ಜಾಗ ಅವತ್ತು ನೋಡಿದೆ.

ಸಮಿತಿಯವರು ಪಂದ್ಯದ ಫಲಿತಾಂಶ ಬದಲಿಸಲಿಲ್ಲ. ರೆಫರಿಯನ್ನು ಬದಲಿಸಿದರು.

ಫೈನಲ್ ದಿನ ನಾವು ಹೋಗಬಾರದು ಎಂದುಕೊಂಡಿದ್ದೆವು, ಆದರೂ ಹೋದೆವು. ಅವರೂ ಬಂದಿದ್ದರು. ಮಾಮೂಲಿ ಬಿಳಿ ಅಂಗಿಯಲ್ಲಿ ಬಂದು, ನಮ್ಮನ್ನು ಹುಡುಕಿಕೊಂಡು ಮೆಟ್ಟಿಲು ಹತ್ತಿ, ನನ್ನ ಪಕ್ಕದಲ್ಲೇ ಕೂತರು. ಮೈದಾನದಲ್ಲಿ ಬೇರೆ ಯಾರೋ ಚಿಕ್ಕ ವಯಸ್ಸಿನವರು ಸೀಟಿ ಊದುತ್ತಿದ್ದರು. ಎರಡನೇ ಅವಧಿಯಲ್ಲಿ ಒಂದು ಪೆನಾಲ್ಟಿ ಕೊಟ್ಟರು. ನಮ್ಮ ಸುತ್ತಲಿನ ಜನರೆಲ್ಲ ಎದ್ದು ನಿಂತು ಆ ರೆಫರಿಯ ವಂಶವನ್ನೆಲ್ಲ ಜಾಲಾಡತೊಡಗಿದರು. ಸಾಹುಕಾರರಿಗೂ ತಡೆಯಲಾಗಲಿಲ್ಲ. “ನೀವೇ ಹೇಳ್ರಿ, ಅದು ಹೆಂಗೆ ಪೆನಾಲ್ಟಿ ಆಗುತ್ತೆ?” ಎಂದು ಇವರನ್ನು ಕೇಳಿದರು.

“ಅವರು ಹತ್ರ ಅದಾರ,” ಎಂದರು ಇವರು, ಮೈದಾನದಿಂದ ಕಣ್ಣು ಕೀಳದೆ. “ನಾವು ದೂರ ಅದೀವಿ.”

ಸಾಹುಕಾರರು ಕೂತರು. ನಾನು ಎದ್ದೇ ಇರಲಿಲ್ಲ. ಅಷ್ಟು ಹತ್ತಿರ ಇರಬೇಕಾಗಿದ್ದವರು ಅಷ್ಟು ದೂರ, ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು. ‘ಏ ಚಾಚಾ’ ಎಂದು ಅಲ್ಲಿಗೆ ಅವರನ್ನು ಕರೆದವನು ನಾನು.