ತಕ್ಕಡಿ ಮಾವನ ಡೀಸೆಲ್ ಲೆಕ್ಕ

ನನ್ನ ಅತ್ತೆಯ ಗಂಡನನ್ನು ಎಲ್ಲರೂ ಕರೆಯುವುದು ತಕ್ಕಡಿ ಮಾವ ಎಂದೇ. ಅಂಗಡಿಗಳ ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯ ತುಂಬ ಸ್ಪ್ರಿಂಗು, ತಟ್ಟೆ, ಬಿಚ್ಚಿಟ್ಟ ಮುಳ್ಳುಗಳು. ನೊಣ ಕೂತರೂ ಮುಳ್ಳು ಅಲ್ಲಾಡಬೇಕು ಎನ್ನುವ ಮನುಷ್ಯ. ಒಮ್ಮೆ ಮೀನಿನ ಅಂಗಡಿಯವನು ಬಂದು, "ಒಂಚೂರು ಜಾಸ್ತಿ ತೋರಿಸೋ ಹಾಗೆ ಮಾಡ್ಕೊಡಿ" ಎಂದದ್ದಕ್ಕೆ ಅವನನ್ನೂ ಅವನ ಯಂತ್ರವನ್ನೂ ಒಟ್ಟಿಗೇ ಹೊರಗೆ ಹಾಕಿದ್ದರು. ಇಂಥವರು ಲೆಕ್ಕದಲ್ಲಿ ಎಡವಿದ್ದು ಕಾರಿನ ವಿಷಯದಲ್ಲಿ ಮಾತ್ರ. ಅದೂ ಬೇಕೆಂದೇ ಎಡವಿದ್ದು.

ಅತ್ತೆಯ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬಸ್ಸಿನಲ್ಲಿ ಹೋಗಿಬಂದು ಅತ್ತೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿದ್ದರು. ಕಾರು ಕೊಳ್ಳೋಣ ಎಂದು ಮಾವ ಹೊರಟರು. ನನ್ನದು ಸಂಜೆ ಪಾಳಿಯ ಕೆಲಸವಾದ್ದರಿಂದ ಇಂಥ ಎಲ್ಲ ಓಡಾಟಕ್ಕೂ ಹಿಂದಿನ ಸೀಟಿಗೆ ನಾನೇ.

ಷೋರೂಮಿನಲ್ಲಿ ಇಸ್ತ್ರಿ ಮಾಡಿದ ಷರ್ಟಿನಷ್ಟೇ ಚೊಕ್ಕವಾಗಿ ಮಾತಾಡುವ ಒಬ್ಬ ಸೇಲ್ಸ್‌ಮನ್ ಸಿಕ್ಕಿದ.

"ಪೆಟ್ರೋಲ್ ಗಾಡಿ ಕೊಳ್ಳುವಾಗ ಅಗ್ಗ, ಸರ್ವಿಸ್ಸೂ ಅಗ್ಗ. ಓಡಿಸುವಾಗ ಖರ್ಚು ಜಾಸ್ತಿ. ಡೀಸೆಲ್ ಗಾಡಿಗೆ ಮೊದಲೇ ಜಾಸ್ತಿ ಕೊಡ್ಬೇಕು, ಸರ್ವಿಸ್ಸೂ ದುಬಾರಿ. ಆದ್ರೆ ಓಡಿಸ್ತಾ ಓಡಿಸ್ತಾ ಉಳಿತಾಯ ಸರ್. ನೀವು ಓಡಿಸೋ ಲೆಕ್ಕಕ್ಕೆ, ಮೇಲೆ ಕೊಟ್ಟ ದುಡ್ಡು ನಾಲ್ಕು ವರ್ಷದಲ್ಲಿ ವಸೂಲಾಗುತ್ತೆ. ಹೀಗೆ ಎಷ್ಟು ವರ್ಷ ಓಡಿಸ್ತೀರಿ ಸರ್?"

ಮಾವ ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದರು. ಪಾಪ, ಅವನಿಗೇನು ಗೊತ್ತು? ನನಗೆ ಮಾತ್ರ ಅವನ ಟೈ ಹಿಡಿದು ಎಳೆಯಬೇಕು ಅನಿಸಿತು.

ಅತ್ತೆಯೇ ಹೇಳಿದರು. "ನಾಲ್ಕು ವರ್ಷವಾ? ಹಾಗಾದ್ರೆ ನಮಗೆ ಪೆಟ್ರೋಲ್ ಗಾಡಿನೇ ಸಾಕು."

ತರಕಾರಿ ಅಂಗಡಿಯಲ್ಲಿ ಅರ್ಧ ಕಿಲೋ ಸಾಕು ಅನ್ನುವ ಹಾಗೆ ಹೇಳಿದರು. ಮಾವ ಪೆನ್ನು ಎಳೆದುಕೊಂಡರು. "ಡೀಸೆಲ್ಲೇ ಕೊಡಿ" ಎಂದವರು ಬಣ್ಣ ಯಾವುದು ಎಂದೂ ನೋಡದೆ ಸಹಿ ಹಾಕಿಬಿಟ್ಟರು. ಮನೆಗೆ ಬಂದಾಗ ಗೊತ್ತಾಯಿತು, ಬೂದಿ ಬಣ್ಣ.

ಮೊದಲ ದಿನ ಹೊಸ ಕಾರಿನಲ್ಲಿ ಆಸ್ಪತ್ರೆಗೆ ಹೋಗುವಾಗ ಅತ್ತೆ ಮಾವನ ಮುಖ ನೋಡಿ ನಕ್ಕರು. "ಯಾಕ್ರೀ ಹರಳೆಣ್ಣೆ ಕುಡಿದವರ ಹಾಗೆ ಕೂತಿದ್ದೀರಿ? ಮೇಲೆ ಕೊಟ್ಟ ದುಡ್ಡು ವಸೂಲಾಗೋವರೆಗೂ ನಾನೆಲ್ಲೂ ಹೋಗಲ್ಲ, ಹೆದರಬೇಡಿ."

ನಾವು ಮೂವರೂ ನಕ್ಕೆವು. ಅತ್ತೆಗೆ ಅದು ಆ ದಿನದ ತಮಾಷೆ, ಅಲ್ಲಿಗೆ ಮುಗಿಯಿತು. ಮಾವನ ತಲೆಯೊಳಗೆ ಅದು ಹುಳದಂತೆ ಹೊಕ್ಕಿತು. ಮೊದಮೊದಲು ಅವರಿಗೆ ಅದು ಧೈರ್ಯ ಕೊಟ್ಟಿತ್ತು. ಇನ್ನೂ ಎಷ್ಟೋ ದೂರ ಓಡಿಸಬೇಕಲ್ಲ ಎಂಬ ಧೈರ್ಯ. ಮೂರನೇ ವರ್ಷ ಮುಗಿಯುವ ಹೊತ್ತಿಗೆ ಕಾರಿನ ಕಿಲೋಮೀಟರಿನ ಅಂಕಿ ನೋಡಿದರೆ ಅವರ ಎದೆ ಧಸಕ್ಕೆನ್ನುತ್ತಿತ್ತು.

ಆ ಹೊತ್ತಿಗೆ ನಾನೂ ಒಂದು ಪೆಟ್ರೋಲ್ ಕಾರು ಕೊಂಡಿದ್ದೆ. ಒಂದು ಬೆಳಿಗ್ಗೆ ಮಾವ ನನ್ನ ಮನೆಗೇ ಬಂದರು. "ನಿನ್ನ ಪೆಟ್ರೋಲ್ ಕಾರು ಸ್ವಲ್ಪ ದಿನ ಕೊಡ್ತೀಯೇನಮ್ಮ?"

"ನಿಮ್ಮ ಗಾಡಿಗೇನಾಯ್ತು ಮಾವ?"

"ಏನೂ ಆಗಿಲ್ಲ. ಚೆನ್ನಾಗಿದೆ. ಸುಮ್ಮನೆ ಸವೀಬಾರದು ಅಂತ."

ನಾನು ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದೆ. ಕೊನೆಗೆ ಚಪ್ಪಲಿ ನೋಡುತ್ತಾ ಬಾಯಿಬಿಟ್ಟರು. ದುಡ್ಡು ವಸೂಲಾಗಬಾರದಂತೆ. ವಸೂಲಾದರೆ ಅತ್ತೆ ಹೊರಟುಬಿಡುತ್ತಾರಂತೆ. ದುಡ್ಡು ಉಳಿಸುವ ಡೀಸೆಲ್ ಕಾರು ಕೊಂಡವರು ಈಗ ಉಳಿಯಬಾರದೆಂದು ನನ್ನ ಕಾರಿಗೆ ಪೆಟ್ರೋಲ್ ಹಾಕಿಸಲು ಹೊರಟಿದ್ದರು.

"ತಲೆ ನೆಟ್ಟಗಿದ್ಯಾ ಮಾವ? ಎಲ್ಲರ ತಕ್ಕಡಿನೂ ಸರಿ ಮಾಡ್ತೀರಿ, ಇದೆಂಥ ಲೆಕ್ಕ?" ಎಂದು ಚೆನ್ನಾಗಿ ಬೈದೆ. ಬೈದು ಕೀಲಿಕೈ ಕೊಟ್ಟೆ. ಇನ್ನೇನು ಮಾಡಲಿ? ಆ ಮುಖ ನೋಡಿಕೊಂಡು ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಅತ್ತೆಗೆ ಮಾತ್ರ, ಡೀಸೆಲ್ ಗಾಡಿಯ ಬ್ರೇಕ್ ಯಾಕೋ ಸರಿಯಿಲ್ಲ ಎಂದು ಸುಳ್ಳು ಹೇಳಿದೆವು.

ಡೀಸೆಲ್ ಗಾಡಿ ಬಾಗಿಲಲ್ಲೇ ನಿಂತಿತು. ಮಾವ ಅದನ್ನು ಬೀದಿಯ ಕೊನೆಯ ಔಷಧಿ ಅಂಗಡಿಗೆ ಮಾತ್ರ ತೆಗೆಯುತ್ತಿದ್ದರು. ಕೆಲವು ತಿಂಗಳಲ್ಲಿ ಅದರ ಮೀಟರಿನ ಪಕ್ಕ ಎಚ್ಚರಿಕೆಯ ಹಳದಿ ದೀಪ ಹೊತ್ತಿ ಕೂತಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಹಲ್ಲು ಕಡಿದ.

"ಹೊಗೆ ಫಿಲ್ಟರ್ ಪೂರ್ತಿ ಕಟ್ಕೊಂಡಿದೆ. ಡೀಸೆಲ್ ಗಾಡಿನ ಹೀಗೆ ಬೀದಿ ಸುತ್ತಿಸೋಕೆ ಇಟ್ಕೋಬಾರದು ಮಾರಾಯ್ರೆ. ದೂರ ಓಡಿಸಿದ್ರೆ ಬಿಸಿಗೆ ಮಸಿ ತಾನಾಗೇ ಸುಟ್ಟುಹೋಗುತ್ತೆ. ಈಗ ಹೊಸಾದೇ ಹಾಕ್ಬೇಕು, ಬಿಲ್ಲು ಜೋರಾಗುತ್ತೆ."

"ಎಷ್ಟು ಜೋರು?" ಎಂದರು ಮಾವ.

ಅವನು ಹೇಳಿದ ಮೊತ್ತ ಕೇಳಿ ನಾನು ಹೌಹಾರಿದೆ. ಮಾವ ಮನಸ್ಸಿನಲ್ಲೇ ಕೂಡಿ ಕಳೆದರು. ಕಾರಿನ ಖರ್ಚು ಏರಿತು, ವಸೂಲಾಗುವ ದಿನ ಮುಂದಕ್ಕೆ ಹೋಯಿತು! ಚೌಕಾಸಿ ಮಾಡದೆ ಬಿಲ್ಲು ಕಟ್ಟಿದರು. ಮೆಕ್ಯಾನಿಕ್ ನನ್ನ ಕಡೆ ತಿರುಗಿ, ಇವರಿಗೇನಾದರೂ ತೊಂದರೆಯೇ ಎಂದು ಕಣ್ಣಿನಲ್ಲೇ ಕೇಳಿದ.

ಅದೇ ವಾರ ಡೀಸೆಲ್ ಬೆಲೆ ಏರಿ ಪೆಟ್ರೋಲಿನ ಹತ್ತಿರ ಹತ್ತಿರ ಬಂತು. ಬಂಕಿನ ಮುಂದೆ ಲಾರಿಯವರು ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದರು. ಆ ಸಾಲಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದವರು ನಮ್ಮ ಮಾವ ಒಬ್ಬರೇ. ನನಗೆ ನಗುವೂ ಬಂತು, ಪಾಪ ಅಂತಲೂ ಅನಿಸಿತು. ಈ ಮನುಷ್ಯನನ್ನು ಹೇಗೆ ಸಂತೈಸಬೇಕೋ ನನಗೆ ತಿಳಿಯದು.

ಮರುದಿನ ಆಸ್ಪತ್ರೆಗೆ ಡೀಸೆಲ್ ಗಾಡಿಯಲ್ಲೇ ಹೊರಟೆವು. ಅತ್ತೆಗೆ ನೀರು ಕುಡಿಯುವುದಕ್ಕೂ ಮಿತಿ. ಬಾಯಾರಿದರೆ ಒಂದು ಚೂರು ಐಸು ಚೀಪುತ್ತಿದ್ದರು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡಿದ್ದರು. ದಾರಿಯುದ್ದಕ್ಕೂ ತಡೆದುಕೊಂಡಿದ್ದ ಮಾವ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಲ್ಲಿಸಿ ಹೇಳಿಯೇಬಿಟ್ಟರು.

"ಗೊತ್ತಾಯ್ತೇನೇ? ಡೀಸೆಲ್ಲೂ ಪೆಟ್ರೋಲೂ ಒಂದೇ ರೇಟಾಗೋಯ್ತು. ಇನ್ನು ಹತ್ತು ವರ್ಷ ಓಡಿಸಿದ್ರೂ ಈ ಗಾಡಿ ದುಡ್ಡು ವಸೂಲಾಗಲ್ಲ!"

ಅತ್ತೆ ಅವರನ್ನೇ ನೋಡಿದರು. ಬ್ರೇಕಿನ ಸುಳ್ಳು, ನನ್ನ ಕಾರು, ಎಲ್ಲವೂ ಅವರಿಗೆ ಆಗಲೇ ಅರ್ಥವಾಗಿರಬೇಕು.

"ಹತ್ತು ವರ್ಷವಾ?" ಎಂದರು. ದನಿಯಲ್ಲಿ ನಗುವಿರಲಿಲ್ಲ. "ನನ್ನ ಕೈಲಾಗಲ್ಲ ರೀ. ನಷ್ಟ ಆದ್ರೆ ಆಗ್ಲಿ, ಬಿಟ್ಬಿಡಿ. ನನಗೆ ಸಾಕಾಗಿದೆ."

ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನೀನಾದ್ರೂ ಹೇಳೇ ಇವಳಿಗೆ." ಎಲ್ಲರ ಬಾಯಿ ಮುಚ್ಚಿಸುವ ನಾನು ಕಿಟಕಿಯ ಕಡೆ ತಿರುಗಿದೆ.

"ನಿಮಗೋಸ್ಕರ ಬರ್ತೀನಿ" ಎಂದರು ಅತ್ತೆ. "ಇಲ್ಲ ಅನ್ನಲ್ಲ. ಆದ್ರೆ ಎಲ್ಲಿವರೆಗೆ? ನೀವೇ ಒಂದು ದಿನ ಹೇಳಿ. ಅಲ್ಲಿವರೆಗೆ ಬರ್ತೀನಿ."

ಮಾವ ಅತ್ತೆಯ ಎಡಗೈ ನೋಡಿದರು. ಒಂದು ದಿನ ಹೇಳಿದರೆ ಆ ದಿನ ಬಂದೇ ಬರುತ್ತದೆ. ಹೇಳದಿದ್ದರೆ ಆ ಕೈಗೆ ಬಿಡುವಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯತೊಡಗಿದ.

"ನೀವಿಬ್ಬರು ಒಳಗೆ ಹೋಗಿರಿ. ಗಾಡಿ ನಿಲ್ಲಿಸಿ ಬಂದು ಹೇಳ್ತೀನಿ" ಎಂದರು.

ಅತ್ತೆಯನ್ನು ಮಲಗಿಸಿ ಸೂಜಿ ಚುಚ್ಚಿದರು. ಯಂತ್ರ ತಿರುಗಿತು, ನಿಂತಿತು, ಸೂಜಿ ತೆಗೆದು ಹತ್ತಿ ಒತ್ತಿದರು. ಅಷ್ಟು ಹೊತ್ತೂ ಅತ್ತೆ ಬಾಗಿಲ ಕಡೆಯೇ ನೋಡುತ್ತಿದ್ದರು. ಮಾವ ಬೂದಿ ಬಣ್ಣದ ಕಾರಿನಲ್ಲೇ ಕೂತಿರುವುದು ಕಿಟಕಿಯಿಂದ ನನಗೆ ಕಾಣುತ್ತಿತ್ತು. ಒಳಗೆ ಬರಲಿಲ್ಲ.