ತೊಟ್ಟಿ ತುಂಬುವವರು ಯಾರು

ಇವತ್ತು ಭಾನುವಾರ. ಬೆಳಿಗ್ಗೆ ಎದ್ದವಳು ಎಂದಿನಂತೆ ಮೊದಲು ನಲ್ಲಿ ತಿರುಗಿಸಿದೆ. ನೀರಿಲ್ಲ. ಹಾಲು ಕಾಯಿಸಿ, ರೊಟ್ಟಿ ಬಡಿದು, ನಮ್ಮವರ ಬಿಳಿ ಅಂಗಿಯ ಕಾಲರಿಗೆ ಇನ್ನೊಮ್ಮೆ ಇಸ್ತ್ರಿ ಒತ್ತಿದೆ. ನಮ್ಮವರು ಬ್ಯಾಪ್ಟಿಸ್ಟ್ ಸಭೆಯ ಡೀಕನ್. ಡೀಕನ್ ಎಂದರೆ ಸೇವೆ ಮಾಡುವವನಂತೆ. ಆ ಅರ್ಥ ಇನ್ನೂ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.

ನಮ್ಮ ಸಭೆಯಲ್ಲಿ ಹಿರಿಯರು ಎಂಬ ಹುದ್ದೆಯವರು ಆತ್ಮಗಳನ್ನು ನೋಡಿಕೊಳ್ಳಬೇಕು, ಡೀಕನರು ಉಳಿದದ್ದನ್ನು: ಚಾಪೆ, ದೀಪ, ಬಡವರ ಊಟ. ಮೊಟ್ಟಮೊದಲ ಸಭೆಯಲ್ಲಿ ವಿಧವೆಯರಿಗೆ ಬಡಿಸುವುದರಲ್ಲಿ ಗೊಂದಲವಾಗಿ ಆ ಕೆಲಸಕ್ಕೆ ಏಳು ಮಂದಿ ಗಂಡಸರನ್ನು ಆರಿಸಿದರೆಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. "ಪಾತ್ರೆ ತೊಳೆದವರು ಯಾರು ಸಿಸ್ಟರ್?" ಎಂದು ಕೇಳಿ ನಾನು ಬೆಂಚಿನ ಮೇಲೆ ನಿಂತಿದ್ದೆ.

ಆತ್ಮ ಎಲ್ಲಿ ಮುಗಿದು ಚಾಪೆ ಎಲ್ಲಿ ಶುರುವಾಗುತ್ತದೋ, ಸರಿಯಾಗಿ ಆ ಗಡಿಯ ಮೇಲೆ, ಸಭೆಗೆ ಹೊಸದಾಗಿ ಸೇರುವವರ ದೀಕ್ಷಾಸ್ನಾನಕ್ಕೆಂದು ಕಟ್ಟಿಸಿದ ನಮ್ಮ ತೊಟ್ಟಿ ಇದೆ. ಬೇರೆ ಕೆಲವು ಸಭೆಗಳಲ್ಲಿ ತಲೆಗೆ ನಾಲ್ಕು ಹನಿ ಹಾಕಿದರೆ ಆಯಿತು. ನಮ್ಮಲ್ಲಿ ಪೂರ್ತಿ ಮುಳುಗಬೇಕು.

ಇವತ್ತು ಮುಳುಗಬೇಕಾಗಿದ್ದವರು ರತ್ನವ್ವ. ಹಳೇ ಬಾಗಲಕೋಟೆಯ ಅವರ ಮನೆಗೆ ಹಿನ್ನೀರು ನುಗ್ಗಿದಾಗಿನಿಂದ ನಿಂತ ನೀರು ಕಂಡರೆ ಅವರಿಗೆ ನಡುಕ. ಅದಕ್ಕೇ ದೀಕ್ಷಾಸ್ನಾನವನ್ನು ವರ್ಷಗಟ್ಟಲೆ ಮುಂದೂಡಿದ್ದರು. ಬಿಳಿ ಸೀರೆಯುಟ್ಟು ಚರ್ಚಿಗೆ ಬಂದವರು ನನ್ನ ಕೈ ಗಟ್ಟಿಯಾಗಿ ಹಿಡಿದು, "ಇವತ್ತ ಧೈರ್ಯ ಮಾಡೇನಿ ನೋಡವಾ. ಇವತ್ತ ತಪ್ಪಿತಂದ್ರ ನಾ ಮತ್ತ ಬರಾಕಿಯಲ್ಲ" ಎಂದರು.

ತೊಟ್ಟಿಯ ತಳದಲ್ಲಿ ಒಂದು ಹಲ್ಲಿ ಓಡಾಡುತ್ತಿತ್ತು.

"ನೀರು ತುಂಬಸೋದು ಡೀಕನರ ಕೆಲಸರಿ" ಎಂದರು ಹಿರಿಯರಲ್ಲಿ ಒಬ್ಬರಾದ ಮಾಸ್ತರರು.

"ತುಂಬಸ್ರಿ ಅಂತ ಹಿರಿಯರು ಹೇಳಬೇಕಲ್ರಿ" ಎಂದರು ನಮ್ಮವರು.

"ಹೋದ ವಾರ ಇಡೀ ಸಭಾ ಕೈ ಎತ್ತಿ ಒಪ್ಪಿತಲ್ಲ! ನೀವೂ ಎತ್ತಿದ್ರಿ."

"ನಾ ಕೈ ಎತ್ತಿದ್ದು ರತ್ನವ್ವಗ್ರಿ, ನೀರಿಗಲ್ಲ."

ತೊಟ್ಟಿಯ ಆಚೆ ಹಿರಿಯರು, ಈಚೆ ಡೀಕನರು. ಕೊನೆಗೆ ಎರಡೂ ದಂಡೆಯವರು ಒಂದು ಮಾತಿಗೆ ಒಪ್ಪಿದರು: ಮುಂದಿನ ತಿಂಗಳು ಮಾಡೋಣ. ನನ್ನ ಕೈಯೊಳಗಿನ ಕೈ ಸಡಿಲಾಯಿತು. ರತ್ನವ್ವ ಆಗಲೇ ಚಪ್ಪಲಿಯ ಕಡೆ ನೋಡುತ್ತಿದ್ದರು.

ನನಗೆ ಸಿಟ್ಟು ಬರುವುದು ಅಪರೂಪ. ಬಂದರೂ ಪಾತ್ರೆಗಳಿಗಷ್ಟೇ ತಿಳಿಯುತ್ತದೆ. ಇವತ್ತು ನೆಟ್ಟಗೆ ಕಾಂಪೌಂಡಿನ ಗೋಡೆಗೆ ಹೋಗಿ, "ಮೆಹರುನ್ ಆಪಾ, ಬೋರ್ ಚಾಲೂ ಮಾಡ್ರಿ, ಪೈಪ್ ಈ ಕಡೆ ಒಗೀರಿ!" ಎಂದು ಕೂಗಿದೆ. ನಮ್ಮ ಮನೆಗೂ ಚರ್ಚಿಗೂ ಅವರು ಒಂದೇ ಗೋಡೆಯ ನೆರೆಯವರು. ಏಕೆ ಎಂದು ಅವರು ಕೇಳಲೂ ಇಲ್ಲ; ವಾದವೆಲ್ಲ ಗೋಡೆಯಾಚೆಗೂ ಕೇಳಿಸಿತ್ತು. ಪೈಪಿನ ತುದಿ ತೊಟ್ಟಿಗೆ ಇಳಿದು ನೀರು ಬಂದದ್ದೇ ತಡ, ಅದನ್ನು ಹಿಡಿದುಕೊಳ್ಳಲು ಮಾಸ್ತರರು, ನಮ್ಮವರು ಇಬ್ಬರೂ ಧಾವಿಸಿದರು.

ಸೊಂಟಮಟ್ಟ ನೀರಾಗುವ ತನಕ ಬೋಧನೆ ನಡೆಯಿತು. ರತ್ನವ್ವ ಒಂದೊಂದೇ ಮೆಟ್ಟಿಲಿಳಿದರು, ನನ್ನನ್ನೊಮ್ಮೆ ನೋಡಿದರು, ಕಣ್ಣು ಮುಚ್ಚಿ ಮುಳುಗಿದರು. ಎದ್ದು ಮುಖ ಒರೆಸಿಕೊಂಡು, "ಇಷ್ಟೇ ಏನು?" ಎಂದರು.

ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ನಮ್ಮವರು ಸೇವೆಯ ದಣಿವಿನಿಂದ ಮಲಗಿದ್ದರು. ಗೋಡೆಯಾಚೆಯಿಂದ ಮೆಹರುನ್ ಆಪಾ ಗಿಡಗಳಿಗೆ ತಂಬಿಗೆಯಿಂದ ನೀರು ಹಾಕುತ್ತ ಕೇಳಿದರು:

"ಅಕ್ಕಾರ, ನನ್ನ ಪೈಪ್ ಇನ್ನೂ ನಿಮ್ಮ ತೊಟ್ಟಿಯಾಗ ಐತ್ರಿ. ತಂದು ಕೊಡೋದು ಹಿರಿಯರ ಕೆಲಸೋ, ಡೀಕನರದೋ?"