ಅತ್ತೆಯ ಮಣಿತೋರಣದ ಗಿಳಿಗಳು

ಇಂದು ಬೆಳಿಗ್ಗೆ ಟ್ರಂಕಿನಿಂದ ಹಳೆಯ ಮಣಿತೋರಣ ತೆಗೆದಾಗ ಕರ್ಪೂರದ ವಾಸನೆ ಬಂತು, ಮಕ್ಕಳೇ. ರಾಜಾಜಿನಗರದ ನಮ್ಮ ಹೆಂಚಿನ ಮನೆ ಕಣ್ಮುಂದೆ ನಿಂತಿತು.

ಅಕ್ಕನ ಮದುವೆಗೆಂದು ಸೋದರತ್ತೆ ಅದನ್ನು ಪೋಣಿಸುತ್ತಿದ್ದರು. ಅವರ ಕಣ್ಣು ದಿನೇದಿನೇ ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ನೆಲದ ಮೇಲೆ ಸರಿದಂತೆ ಅತ್ತೆಯೂ ಚಾಪೆ ಸರಿಸುತ್ತಿದ್ದರು. ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿ ಆರಿಹೋಗುತ್ತಿತ್ತು.

"ನಾಳೆ ಮಾಡಿದ್ರಾಯ್ತು ಬಿಡಿ ಅತ್ತಿಗೆ," ಅನ್ನುತ್ತಿದ್ದಳು ಅಮ್ಮ.

"ಬಿಸಿಲು ನಾಳೆನೂ ಬರತ್ತೆ ಕಣೇ. ನನ್ ಕಣ್ಣು ಬರ್ಬೇಕಲ್ಲ."

ಸಣ್ಣ ಮಣಿ ಕಾಣದಾದಾಗ ಅತ್ತೆ ದಪ್ಪ ಮಣಿ ತರಿಸಿದರು. ಅದೂ ಕಾಣದಾದಾಗ ಇನ್ನೂ ದಪ್ಪದ್ದು. ತೋರಣದ ಗಿಳಿಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋದವು. ಕೊನೆಯ ಗಿಳಿಗೆ ಕಣ್ಣಿಡುವಾಗ ನನ್ನನ್ನು ಕರೆದರು. "ಪುಟ್ಟಿ, ಇದ್ರಲ್ಲಿ ಕೆಂಪು ಮಣಿ ಯಾವ್ದು, ಕೈಗೆ ಕೊಡು." ಬಿಸಿಲು ಅವರ ಮಡಿಲಲ್ಲೇ ಇತ್ತು.

ಮದುವೆಯ ದಿನ ಬೀಗಿತ್ತಿ ಬಾಗಿಲಲ್ಲೇ ನಿಂತುಬಿಟ್ಟರು. "ಗಿಳಿಗಳು ದೂರದಿಂದ ನಮ್ ಕಡೆಗೇ ಹಾರಿ ಬರೋ ಹಾಗಿದೆ ಕಣ್ರೀ. ಹೇಗ್ರೀ ಹೊಳೀತು ಇದು?"

ಅತ್ತೆ ದನಿ ಬಂದ ಕಡೆ ತಿರುಗಿ ನಕ್ಕರು.

ಈಗ ಮೊದಲ ಗಿಳಿಯ ದಾರ ಬಿಟ್ಟಿದೆ. ಪೋಣಿಸಲು ಕೂತರೆ ಮಣಿಯ ತೂತು ನನಗೆ ಕಾಣುತ್ತಿಲ್ಲ. ಕುರ್ಚಿಯನ್ನು ಬಿಸಿಲಿಗೆ ಸರಿಸಿಕೊಂಡಿದ್ದೇನೆ.